ಬಣ್ಣ ಕಮ್ಮಿಯಂತೆ!

ವಾಟ್ಸಾಪ್‌ನಲ್ಲಿ ಹುಡುಗಿ ಫೋಟೊ ತರಿಸಿಕೊಂಡು 'ಬಣ್ಣ ಸ್ವಲ್ಪ ಕಮ್ಮಿ' ಅಂತಾರೆ. ಗಂಡು ಮಾತ್ರ ಬಿಸಿಲಲ್ಲಿ ಟ್ರ್ಯಾಕ್ಟರ್ ಓಡಿಸಿ ಕರ್ರಗಾಗಿರ್ತಾನೆ, ಅದು ಬೇರೆ ಮಾತು! ಕೇಳಿದ್ರೆ 'ಚೆಂದ ನೋಡೋದು ಪ್ರಕೃತಿ ನಿಯಮ, ನವಿಲು ನೋಡಲ್ವಾ?' ಅಂತಾರೆ. ನೋಡುತ್ತೆ ಸ್ವಾಮಿ. ಡಾರ್ವಿನ್ 1871ರಲ್ಲೇ ಅದನ್ನ ಬರೆದಿದ್ದಾನೆ: ಗರಿ ಬಿಚ್ಚಿ ಕುಣಿಯೋದು ಗಂಡು, ಆರಿಸೋದು ಹೆಣ್ಣು. ನಮ್ಮಲ್ಲಿ ಆರಿಸಬೇಕಾದವಳು ಉಪ್ಪಿಟ್ಟು ತಂದಿಟ್ಟು ತಲೆ ತಗ್ಗಿಸಿ ಕೂತಿರ್ತಾಳೆ.

ಕಪ್ಪು ಬಣ್ಣ ಕೊರತೆಯಲ್ಲ, ಸುಡುಬಿಸಿಲಿನಿಂದ ಚರ್ಮ ಕಾಯೋ ಮೆಲನಿನ್. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ 'ಫೇರ್' ಬಿಟ್ಟು 'ಗ್ಲೋ' ಅಂತ ಹೆಸರು ಬದಲಿಸಿಕೊಳ್ತು. ಕ್ರೀಮ್ ಅದೇ, ಬಿಡಿ. ಮದುವೆ ಬ್ರೋಕರ್ ಬಯೋಡೇಟಾದಲ್ಲಿ ಇನ್ನೂ 'ಮೈಬಣ್ಣ' ಅನ್ನೋ ಕಾಲಂ ಇದೆ. ಹೆಣ್ಣು ಹೆತ್ತವರೇ, ಅದನ್ನ ಖಾಲಿ ಬಿಟ್ಟು ಕಳಿಸಿ. ಯಾಕೆ ಅಂತ ಕೇಳಿದ್ರೆ, ಮೊದಲು ನಿಮ್ಮ ಹುಡುಗನ ಬಣ್ಣ ಹೇಳಿ ಅನ್ನಿ.