ಮಕ್ಕಳು ಅಮಲ್ದಾರರಾದ ಊರು



ಆಗಸ್ಟ್ 15ರಂದು ಬಾವುಟ ಹಾರಿಸಿ, ಭಾಷಣ ಕೇಳಿ, ಸಿಹಿ ತಿಂದು ಮನೆಗೆ ಬರುವಾಗ ನಿಮ್ಮಲ್ಲಿ ಕೆಲವರಿಗಾದರೂ ಒಂದು ಪ್ರಶ್ನೆ ಹುಟ್ಟಿರುತ್ತದೆ. ಪ್ರಾಣಕ್ಕಿಂತ ದೊಡ್ಡದು ಏನಿದೆ? ಸ್ವಾತಂತ್ರ್ಯಕ್ಕಾಗಿ ಸಾಯಲೇಬೇಕಿತ್ತೆ? ಕೇಳಲು ಅಂಜಬೇಡಿ, ಒಳ್ಳೆಯ ಪ್ರಶ್ನೆ. ಉತ್ತರಕ್ಕಾಗಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಹೋಗಿ ಬರೋಣ.

ಅದು 1942. ‘ಮಾಡು ಇಲ್ಲವೇ ಮಡಿ’ ಎಂದು ಗಾಂಧೀಜಿ ಕರೆ ಕೊಟ್ಟಿದ್ದರು. ಈಸೂರು ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಸಿಂಹಾಸನದಲ್ಲಿ ಮಹಾರಾಜರು, ಅವರ ಮೇಲೆ ಬ್ರಿಟಿಷರು. ಕಂದಾಯ ಕಟ್ಟುವುದು ರೈತರ ಪಾಲು. ಆದರೆ ಸರ್ಕಾರವನ್ನು ಆರಿಸುವ, ಬೇಡವೆನಿಸಿದರೆ ಇಳಿಸುವ ಹಕ್ಕು ಅವರಿಗಿರಲಿಲ್ಲ.

ಈಸೂರಿನವರು ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಹಾರಿಸಿ, ನಮ್ಮ ಊರು ಸ್ವತಂತ್ರವಾಯಿತು ಎಂದು ಸಾರಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳು ಒಳಗೆ ಬರಕೂಡದೆಂದು ಊರಬಾಗಿಲಲ್ಲಿ ಬೋರ್ಡು ಹಾಕಿದರು. ಹೊಸ ಸರ್ಕಾರಕ್ಕೆ ಅಧಿಕಾರಿಗಳು ಬೇಕಲ್ಲ? ಜಯಣ್ಣ ಎಂಬ ಹುಡುಗ ಅಮಲ್ದಾರನಾದ, ಅವನ ಜೊತೆಗಾರನೊಬ್ಬ ಸಬ್‌ಇನ್ಸ್‌ಪೆಕ್ಟರ್ ಆದ! ಮಕ್ಕಳನ್ನು ಜೈಲಿಗೆ ಹಾಕಲಾರರು ಎಂಬುದು ಹಿರಿಯರ ಲೆಕ್ಕಾಚಾರವಾಗಿತ್ತು ಎನ್ನುತ್ತಾರೆ.

ಇಲ್ಲಿಯವರೆಗೆ ಕಥೆ ಕೇಳಲು ಚೆಂದ. ಮುಂದಿನದು ಕಷ್ಟದ್ದು.

ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರು ಪೊಲೀಸರೊಂದಿಗೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು, ಹೊಡೆದಾಟವಾಯಿತು. ರೊಚ್ಚಿಗೆದ್ದ ಜನರ ಕೈಯಲ್ಲಿ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರೂ ಪ್ರಾಣ ಬಿಟ್ಟರು. ಆಮೇಲೆ ಸೈನ್ಯ ಬಂತು. ಮನೆಗಳು ಲೂಟಿಯಾದವು, ಬೆಂಕಿಗೆ ಸಿಕ್ಕವು. ಜನ ಕಾಡು ಸೇರಿದರು. ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು, ಅವರಲ್ಲಿ ಹೆಂಗಸರೂ ಇದ್ದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಮಾತ್ರ ನಾಡಿನಲ್ಲೆಲ್ಲ ಉಳಿಯಿತು. ಎಷ್ಟು ಊರು ಕೊಟ್ಟರೂ ನಮ್ಮ ಈಸೂರನ್ನು ಬಿಟ್ಟುಕೊಡೆವು ಎಂದು ಅದರ ಅರ್ಥ.

ಸತ್ತ ಇಬ್ಬರು ಅಧಿಕಾರಿಗಳೂ ನಮ್ಮವರೇ, ಅವರನ್ನೂ ಮನೆಯಲ್ಲಿ ಕಾಯುವವರಿದ್ದರು. ಅವರ ಸಾವಿನ ಬಗ್ಗೆ ಹೆಮ್ಮೆ ಪಡುವಂಥದ್ದು ಏನೂ ಇಲ್ಲ. ನಾವು ತಲೆಬಾಗುವುದು ಈಸೂರಿನವರ ಇನ್ನೊಂದು ಧೈರ್ಯಕ್ಕೆ. ನಮ್ಮ ಊರಿನ ವಿಚಾರದಲ್ಲಿ ನಮ್ಮ ಮಾತು ನಡೆಯಬೇಕು ಎಂದು ಅವರು ಬಹಿರಂಗವಾಗಿ ಹೇಳಿದರು, ಅದಕ್ಕೆ ತೆರಬೇಕಾದ ಬೆಲೆಯನ್ನೂ ತೆತ್ತರು. ಸ್ವಾತಂತ್ರ್ಯಕ್ಕಾಗಿ ತನ್ನ ಪ್ರಾಣ ಕೊಡುವವನು ದೊಡ್ಡವನು, ಸರಿ. ಬೇರೆಯವರ ಪ್ರಾಣವನ್ನು ಕೊಡಲು ನಮಗೆ ಯಾವ ಅಧಿಕಾರವಿದೆ?

ಇನ್ನೊಂದು ಸಂಗತಿ ಕೇಳಿ. 1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದಾಗಲೂ ಮೈಸೂರಿನ ಜನರಿಗೆ ತಮ್ಮದೇ ಸರ್ಕಾರ ಸಿಕ್ಕಿರಲಿಲ್ಲ. ಅದಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಿತು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು, ಸಾವಿರಾರು ಜನ ಜೈಲು ತುಂಬಿದರು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಬಂತು. ಈಸೂರಿನ ಬೋರ್ಡು ಕೇಳಿದ್ದೂ ಅದನ್ನೇ ಅಲ್ಲವೆ?

ಹಾಗಾದರೆ ಸ್ವಾತಂತ್ರ್ಯಕ್ಕೆ ಪ್ರಾಣದಷ್ಟು ಬೆಲೆಯಿದೆಯೇ? ಇದೆ ಎಂದೇ ನನ್ನ ಉತ್ತರ. ಆದರೆ ಅದು ದಿನವೂ ಪ್ರಾಣ ಕೇಳುವುದಿಲ್ಲ. ತರಗತಿಯಲ್ಲಿ ಒಬ್ಬನನ್ನು ಎಲ್ಲರೂ ಸೇರಿ ಹಂಗಿಸುವಾಗ ‘ಇದು ಸರಿಯಲ್ಲ’ ಎನ್ನುವ ಒಂದು ದನಿ ಕೇಳುತ್ತದೆ. ನಮಗೆ ಒಪ್ಪಿಗೆಯಾಗದ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಕೇಳುತ್ತದೆ. ಇಂಥ ಸಣ್ಣ ಬೆಲೆಯನ್ನು ಆಗಾಗ ಕೊಡುತ್ತಿದ್ದರೆ ದೊಡ್ಡ ಬೆಲೆ ತೆರುವ ಕಾಲ ದೂರವೇ ಉಳಿದೀತು.

ನಿಮ್ಮ ಊರಿನಲ್ಲೂ ಚಳವಳಿಗೆ ಇಳಿದವರು ಇದ್ದಿರಬಹುದು. ಅಜ್ಜ ಅಜ್ಜಿಯರನ್ನು ಕೇಳಿ, ನಮಗೂ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.