ದೂರದ ಅಸ್ತ್ರ, ಅಟ್ಟದ ಮೇಲಿನ ವಿಷ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದ ಹಿಂಸೆಯನ್ನು ತೊರೆಯುವುದೇ ಅದರ ತಿರುಳು. ತೊರೆಯಬೇಕಾದ ಐದರಲ್ಲಿ ಎರಡು ಇಂದಿನ ಕಾಲಕ್ಕೆಂದೇ ಹೇಳಿದಂತಿವೆ: ಮನಸ್ಸನ್ನು ಕದಡುವ ಕಥೆಗಳಿಗೆ ಕಿವಿಗೊಡುವ ದುಃಶ್ರುತಿ, ಕೊಲ್ಲುವ ಸಾಧನವನ್ನು ಇನ್ನೊಬ್ಬರ ಕೈಗಿಡುವ ಹಿಂಸಾದಾನ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ದೃಢಪಟ್ಟದ್ದು ಕಲಬುರಗಿಯಲ್ಲಿ. ‘ಇದು ಜೈವಿಕ ಅಸ್ತ್ರ’ ಎಂಬ ಕಥೆ ಆಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಅದರಿಂದ ಯಾರ ಜ್ವರವೂ ಇಳಿಯಲಿಲ್ಲ. ನೆರೆಯವರ ಮೇಲಿನ ಸಂಶಯ ಮಾತ್ರ ಏರಿತು.

ಇಂಥ ಅಸ್ತ್ರಗಳ ಭಯ ಆಧಾರವಿಲ್ಲದ್ದೇನಲ್ಲ. 1995ರಲ್ಲಿ ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ಎಂಬ ವಿಷ ಜೀವಗಳನ್ನು ಬಲಿ ಪಡೆಯಿತು. ಅಂತರರಾಷ್ಟ್ರೀಯ ಒಪ್ಪಂದದಂತೆ ಭಾರತವು ತನ್ನ ರಾಸಾಯನಿಕ ಅಸ್ತ್ರಗಳ ಸಂಗ್ರಹವನ್ನು 2009ರಲ್ಲಿ ಪೂರ್ತಿ ನಾಶ ಮಾಡಿತು. ಆದರೆ ಸಾರಿನ್‌ನ ದಾಯಾದಿಗಳು ಮನೆಮನೆಯಲ್ಲಿವೆ. ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ 1930ರ ದಶಕದಲ್ಲಿ ಹುಡುಕುತ್ತಿದ್ದುದು ಕೀಟನಾಶಕವನ್ನು. ಕೈಗೆ ಸಿಕ್ಕಿದ್ದು ಟಾಬುನ್, ಆಮೇಲೆ ಸಾರಿನ್. ತೊಗರಿಯ ಕಾಯಿಕೊರಕಕ್ಕೆ ಸಿಂಪಡಿಸುವ ಆರ್ಗನೊಫಾಸ್ಫೇಟ್‌ಗಳು ಅದೇ ಕುಲದವು. ತೀವ್ರತೆ ಬೇರೆ, ಕೆಲಸ ಒಂದೇ: ನರಗಳಿಗೆ ವಿರಾಮ ಕೊಡುವ ಕಿಣ್ವವನ್ನು ಕಟ್ಟಿಹಾಕಿ ಉಸಿರು ನಿಲ್ಲಿಸುತ್ತವೆ. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದ ಉಂಡ 17 ಮಂದಿ ಸತ್ತದ್ದು ಇಂಥ ಕೀಟನಾಶಕದಿಂದಲೇ.

ಕಮಲಾಪುರದ ಹೊಲಗಳಲ್ಲಿ ಇದಕ್ಕೆ ‘ಔಷಧಿ’ಯೆಂದು ಹೆಸರು. ಔಷಧಿಯೆಂದ ಮೇಲೆ ಭಯವೆಲ್ಲಿ? ಬರಿಗೈಯಲ್ಲಿ ಕಲಸುವುದು, ಗಾಳಿಗೆದುರಾಗಿ ಹೊಡೆಯುವುದು, ಉಳಿದುದನ್ನು ನೀರಿನ ಬಾಟಲಿಗೆ ತುಂಬಿ ಅಟ್ಟಕ್ಕೇರಿಸುವುದು. ಬೇಸಾಯದಲ್ಲಿ ಅನಿವಾರ್ಯವಾದುದನ್ನು ಶಾಸ್ತ್ರವು ಉದ್ಯೋಗೀ ಹಿಂಸೆಯೆಂದು ಬೇರೆಯಾಗಿ ಎಣಿಸುತ್ತದೆ. ಆ ಬಾಟಲಿಯನ್ನು ಮಗುವೊಂದು ಬಾಯಿಗಿಟ್ಟರೆ ಅದು ಉದ್ಯೋಗವಲ್ಲ, ಪ್ರಮಾದ.

‘ಮಾರುವುದು ದಾನವಲ್ಲವಲ್ಲ’ ಎಂದು ಕಲಬುರಗಿಯ ಅಂಗಡಿಯಲ್ಲಿ ಕುಳಿತ ಶ್ರಾವಕನು ಕೇಳಬಹುದು. ಜಾಣತನದ ವಾದ, ಆದರೆ ನಿಲ್ಲದು. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಹಿಂಸಾದಾನವನ್ನು ವಿವರಿಸುವಾಗ ಮೊದಲು ಹೆಸರಿಸುವುದೇ ವಿಷವನ್ನು. ಶ್ರಾವಕನಿಗೆ ಸಲ್ಲದ 15 ವೃತ್ತಿಗಳಲ್ಲಿ ವಿಷವಾಣಿಜ್ಯವೂ ಸೇರಿದೆ. ವ್ಯಾಪಾರ ಬಿಡಲಾಗದವರು ಡಬ್ಬದ ಮೇಲಿನ ಕೆಂಪು ಗುರುತು ಅತ್ಯಂತ ವಿಷಕಾರಿಯೆಂದೂ, ಹಸಿರೂ ನಿರಪಾಯವಲ್ಲವೆಂದೂ ಓದಬಾರದ ಗಿರಾಕಿಗೆ ಬಾಯಿಬಿಟ್ಟು ಹೇಳಲಿ. ಕೈಗವಸನ್ನೂ ಮುಖಗವಸನ್ನೂ ಜೊತೆಗೇ ಕಟ್ಟಿಕೊಡಲಿ.