ಬಾಕ್ಸಿಂಗ್ ಕಲಿಯುವ ಮಕ್ಕಳ ದಾಖಲೆ ಪುಸ್ತಕ ಎಲ್ಲಿದೆ?

ಶಿರಾಳಕೊಪ್ಪದ ಪಕ್ಕದಲ್ಲೇ ತಾಳಗುಂದ. ವ್ಯಾಪಾರಕ್ಕೆ, ನೆಂಟಸ್ತಿಕೆಗೆ ಅಂತ ಆ ದಾರಿಯಲ್ಲಿ ಓಡಾಡುವ ನಮ್ಮವರು ಅಲ್ಲಿನ ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಲ್ಲುಕಂಬ ನೋಡಿರಬಹುದು. ಅದರ ಮೇಲಿನ ಬರಹದಲ್ಲಿ ಒಂದು ಜಗಳದ ಕಥೆ ಇದೆ. ಕಂಚಿಗೆ ಓದಲು ಹೋದ ಮಯೂರಶರ್ಮನಿಗೆ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಟಾಪಟಿ ಆಯಿತು. ಆ ಸಿಟ್ಟಿನಲ್ಲೇ ಅವನು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ಅದಾಗಿ ಸುಮಾರು ನೂರು ವರ್ಷದ ಮೇಲೆ ಕುಬ್ಜ ಎಂಬ ಕವಿ ಅದನ್ನು ಬರೆದುಕೊಟ್ಟ, ಕಲ್ಲಿನ ಮೇಲೆ ಕೆತ್ತಲಾಯಿತು. ಹಾಗಾಗಿಯೇ ಒಂದೂವರೆ ಸಾವಿರ ವರ್ಷಕ್ಕೂ ಹಿಂದಿನ ಆ ಜಗಳ ಇವತ್ತಿಗೂ ನಮಗೆ ಗೊತ್ತು.

ಆದರೆ ಅರವತ್ತು ಎಪ್ಪತ್ತು ವರ್ಷದ ಹಿಂದೆ ಬೆಂಗಳೂರಿನ ರಿಂಗ್‌ನಲ್ಲಿ ಯಾರು ಯಾರನ್ನು ಸೋಲಿಸಿದರು ಅಂತ ಕೇಳಿ ನೋಡಿ. ಉತ್ತರ ಸಿಗುವುದು ಕಷ್ಟ. ಗನ್‌ಬೋಟ್ ಜ್ಯಾಕ್ ಎಂಬ ಅಮೆರಿಕದ ಕಪ್ಪು ಬಾಕ್ಸರ್ ಒಬ್ಬ ಭಾರತಕ್ಕೆ ಬಂದು, ಇಲ್ಲಿಯೇ ಹೊಡೆದಾಡಿ, ಕೊನೆಗೆ ಬೆಂಗಳೂರಿನಲ್ಲೇ ನೆಲೆಸಿದ್ದ. ಕಂಟೋನ್ಮೆಂಟಿನ ಹಳಬರು ಅವನ ಕಥೆ ರಸವತ್ತಾಗಿ ಹೇಳುತ್ತಿದ್ದರು. ಆದರೆ ಅವನ ಗೆಲುವು ಸೋಲು ಹಳೆಯ ಪತ್ರಿಕೆಗಳ ಪುಟಗಳಲ್ಲಿ ಚೂರುಚೂರಾಗಿ ಬಿದ್ದಿವೆ. ಹೇಳುವವರು ಹೋದ ಮೇಲೆ ಕಥೆಯೂ ಹೋಗುತ್ತದೆ.

ಹಳೆಯ ಕಥೆ ಉಳಿದರೆಷ್ಟು ಬಿಟ್ಟರೆಷ್ಟು ಅಂತ ಕೇಳಬಹುದು. ಬಾಕ್ಸಿಂಗ್‌ನಲ್ಲಿ ದಾಖಲೆ ಅನ್ನುವುದು ಬರೀ ನೆನಪಿನ ವಿಷಯವಲ್ಲ, ಜೀವದ ವಿಷಯ.

ಅಮೆಚೂರ್ ಬಾಕ್ಸಿಂಗ್‌ನ ವೈದ್ಯಕೀಯ ನಿಯಮದಲ್ಲಿ ಒಂದು ಲೆಕ್ಕ ಇದೆ. ತಲೆಗೆ ಪೆಟ್ಟು ಬಿದ್ದು ನಾಕೌಟ್ ಆದವನು ಕನಿಷ್ಠ 30 ದಿನ ರಿಂಗ್ ಹತ್ತಬಾರದು. ಮೂರು ತಿಂಗಳಲ್ಲಿ ಎರಡು ಸಲ ಹಾಗಾದರೆ 90 ದಿನ. ಒಂದು ವರ್ಷದಲ್ಲಿ ಮೂರು ಸಲ ಆದರೆ ಪೂರ್ತಿ ಒಂದು ವರ್ಷ. ಇದು ಜಾರಿಯಾಗಬೇಕಾದರೆ ಹಿಂದಿನ ಪಂದ್ಯದಲ್ಲಿ ಏನಾಯಿತು ಅಂತ ಈ ಪಂದ್ಯದ ಡಾಕ್ಟರಿಗೆ ಗೊತ್ತಾಗಬೇಕು. ಅದಕ್ಕೇ ಬಾಕ್ಸರ್‌ನ ಕೈಯಲ್ಲಿ ದಾಖಲೆ ಪುಸ್ತಕ ಇರಬೇಕಾದದ್ದು. ಪುಸ್ತಕವೇ ಇಲ್ಲದಿದ್ದರೆ ಹುಡುಗ ‘ನಂಗೇನೂ ಆಗಿಲ್ಲ ಸರ್’ ಅಂದದ್ದೇ ಸತ್ಯ. ಹೋದ ವಾರ ಎಲ್ಲೋ ಬಿದ್ದ ಪೆಟ್ಟು ಯಾರ ಕಣ್ಣಿಗೂ ಕಾಣುವುದಿಲ್ಲ.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ 23ರ ಯುವಕ ಮತ್ತೆ ಏಳಲಿಲ್ಲ. ಕಿಕ್‌ಬಾಕ್ಸಿಂಗ್ ಬೇರೆ, ಬಾಕ್ಸಿಂಗ್ ಬೇರೆ, ನಿಜ. ಆದರೆ ತಲೆ ಒಂದೇ ಅಲ್ವೇ? ನಮ್ಮೂರುಗಳಲ್ಲಿ ಈಗ ಜಿಮ್‌ಗಳು ಕರಾಟೆ, ಕಿಕ್‌ಬಾಕ್ಸಿಂಗ್, ಬಾಕ್ಸಿಂಗ್ ಅಂತ ಒಂದೇ ಬೋರ್ಡಿನ ಕೆಳಗೆ ಕಲಿಸುತ್ತಿವೆ. ಕಳಿಸುವ ಮನೆಯವರು ಫೀಸು ಕೇಳುತ್ತಾರೆ, ಡ್ರೆಸ್ ಕೇಳುತ್ತಾರೆ. ಪೆಟ್ಟಿನ ಲೆಕ್ಕ ಯಾರು ಬರೆದಿಡುತ್ತಾರೆ ಅಂತ ಕೇಳುವವರು ಕಮ್ಮಿ.

ದಾಖಲೆ ಇದ್ದರೆ ಸಾಲದು, ಅದು ಸಾಚಾ ಆಗಿಯೂ ಇರಬೇಕು. 1922ರಲ್ಲಿ ಶುರುವಾದ ‘ದಿ ರಿಂಗ್’ ಪತ್ರಿಕೆ ಬಾಕ್ಸಿಂಗ್ ಲೋಕದಲ್ಲಿ ಕೊನೆಯ ಮಾತು ಅನಿಸಿಕೊಂಡಿತ್ತು. 1977ರಲ್ಲಿ ಅಮೆರಿಕದಲ್ಲಿ ಪ್ರವರ್ತಕ ಡಾನ್ ಕಿಂಗ್ ಒಂದು ದೊಡ್ಡ ಟೂರ್ನಿ ಏರ್ಪಡಿಸಿದರು, ಎಬಿಸಿ ಟಿವಿ ಅದನ್ನು ಪ್ರಸಾರ ಮಾಡುತ್ತಿತ್ತು. ಬಾಕ್ಸರ್‌ಗಳ ಆಯ್ಕೆಗೆ ರಿಂಗ್ ಪತ್ರಿಕೆಯ ಶ್ರೇಯಾಂಕವೇ ಆಧಾರ. ಆಮೇಲೆ ನೋಡಿದರೆ ಕೆಲವರ ಲೆಕ್ಕಕ್ಕೆ ನಡೆಯದೇ ಇದ್ದ ಪಂದ್ಯಗಳನ್ನೇ ಸೇರಿಸಲಾಗಿತ್ತು! ಟಿವಿಯವರು ಟೂರ್ನಿಯನ್ನೇ ನಿಲ್ಲಿಸಿದರು. ಅರ್ಧ ಶತಮಾನದ ಹೆಸರು ಕೆಲವು ಸಾಲು ಸುಳ್ಳಿಗೆ ಮಣ್ಣಾಯಿತು. ಇತಿಹಾಸಕಾರರು 1982ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಶೋಧನಾ ಸಂಸ್ಥೆ ಕಟ್ಟಿಕೊಂಡು, ಹಳೆಯ ಪತ್ರಿಕೆ ತಿರುವಿ ಒಂದೊಂದೇ ಪಂದ್ಯ ಖಚಿತ ಮಾಡುವ ಕೆಲಸಕ್ಕೆ ಇಳಿದರು.

ಮುಹಮ್ಮದ್ ಅಲಿ 61 ಪಂದ್ಯ ಆಡಿ 56 ಗೆದ್ದರು, 5 ಸೋತರು ಅಂತ ನಾವು ಕಣ್ಣುಮುಚ್ಚಿ ಹೇಳುವುದು ಇಂಥ ಕೆಲಸದಿಂದಲೇ. 1980ರಲ್ಲಿ ಅವರು ಮದ್ರಾಸಿಗೆ ಬಂದು ಜಿಮ್ಮಿ ಎಲ್ಲಿಸ್ ಜೊತೆ ರಿಂಗ್ ಹತ್ತಿದ್ದರು. ಅದು ಪ್ರದರ್ಶನ ಪಂದ್ಯ, ಆ 61ರಲ್ಲಿ ಸೇರುವುದಿಲ್ಲ. ಯಾವುದು ಲೆಕ್ಕಕ್ಕೆ, ಯಾವುದು ಅಲ್ಲ ಅನ್ನುವ ಈ ಶಿಸ್ತು ನಮ್ಮ ಜಿಲ್ಲಾ ಮಟ್ಟದ ಪಂದ್ಯಗಳಿಗೂ ಬರಬೇಕು.

ಇನ್ನೊಂದು ತೊಂದರೆ, ದಾಖಲೆ ಇಟ್ಟುಕೊಳ್ಳಬೇಕಾದ ಸಂಸ್ಥೆಗಳೇ ನಿಲ್ಲುತ್ತಿಲ್ಲ. ಭಾರತದ ಬಾಕ್ಸಿಂಗ್ ಫೆಡರೇಶನ್ 2012ರಲ್ಲಿ ಅಮಾನತಾಯಿತು, 2014ರಲ್ಲಿ ‘ಬಾಕ್ಸಿಂಗ್ ಇಂಡಿಯಾ’ ಬಂತು, 2016ರಲ್ಲಿ ಈಗಿನ ಬಿಎಫ್‌ಐ ಹುಟ್ಟಿತು. 2025ರಲ್ಲಿ ಅದರ ಚುನಾವಣೆಯ ತಕರಾರು ಕೋರ್ಟಿಗೆ ಹೋಗಿ, ಮಧ್ಯಂತರ ಸಮಿತಿಯ ಆಡಳಿತವೂ ಆಯಿತು. ಜಗತ್ತಿನ ಮಟ್ಟದಲ್ಲೂ ಅದೇ ಕಥೆ. 2023ರ ಜೂನ್‌ನಲ್ಲಿ ಒಲಿಂಪಿಕ್ ಸಮಿತಿ ಐಬಿಎಯ ಮಾನ್ಯತೆ ಕಿತ್ತುಕೊಂಡಿತು. ಈಗ ‘ವರ್ಲ್ಡ್ ಬಾಕ್ಸಿಂಗ್’ ಕಾಲ. ನಿಜಾಮಾಬಾದಿನ ನಿಖತ್ ಝರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದದ್ದು ಐಬಿಎ ಹೆಸರಿನಡಿಯಲ್ಲಿ. ಅವರ ಪದಕ ಜಗತ್ತೇ ನೋಡಿದ್ದು, ಮರೆಯುವಂತಿಲ್ಲ. ಆದರೆ ಕಚೇರಿ ಬದಲಾದಾಗ ಜಿಲ್ಲಾ ಮಟ್ಟದಲ್ಲಿ ಬೆಳ್ಳಿ ಗೆದ್ದ ಹುಡುಗಿಯ ಕಾಗದ ಯಾವ ಬೀರುವಿನಲ್ಲಿ ಉಳಿಯುತ್ತದೆ? ನಾಳೆ ಕ್ರೀಡಾ ಕೋಟಾದಲ್ಲಿ ಸೀಟು ಕೇಳಲು ಹೋದಾಗ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ಮಾನ್ಯತೆ ಇತ್ತೇ ಅಂತ ಮೊದಲು ಕೇಳುತ್ತಾರೆ.

ಆದ್ದರಿಂದ ಸಂಸ್ಥೆಯನ್ನು ಮಾತ್ರ ನಂಬಿ ಕೂರುವಂತಿಲ್ಲ. ಮನೆಯಲ್ಲೇ ಶುರು ಮಾಡಬಹುದು. ಪ್ರತಿ ಪಂದ್ಯಕ್ಕೂ ತಾರೀಕು, ಊರು, ತೂಕದ ವರ್ಗ, ಎದುರಾಳಿ, ಫಲಿತಾಂಶ, ಬಿದ್ದ ಪೆಟ್ಟು ಇಷ್ಟನ್ನು ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ, ಕೋಚ್‌ನ ಸಹಿ ಹಾಕಿಸಿ. ಸೇರಿಸುವ ಮೊದಲೇ ‘ದಾಖಲೆ ಪುಸ್ತಕ ಕೊಡ್ತೀರಾ, ಪಂದ್ಯದ ದಿನ ಡಾಕ್ಟರ್ ಇರ್ತಾರಾ?’ ಅಂತ ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ಸರ್ಟಿಫಿಕೇಟುಗಳ ಫೋಟೊ ತೆಗೆದು ಎರಡು ಕಡೆ ಇಡಿ. ಅಜ್ಜನ ಕಾಲದ ಕುಸ್ತಿ, ಬಾಕ್ಸಿಂಗ್ ಫೋಟೊ ಇದ್ದರೆ ಅದರಲ್ಲಿರುವವರ ಹೆಸರನ್ನು ಉಮ್ಮನ ಹತ್ತಿರ, ಕಾಕನ ಹತ್ತಿರ ಇವತ್ತೇ ಕೇಳಿ ಹಿಂದೆ ಬರೆದಿಡಿ. ಕ್ಲಬ್ ನಡೆಸುವವರು ಹಳೆಯ ರಿಜಿಸ್ಟರ್ ರದ್ದಿಗೆ ಹಾಕಬೇಡಿ. ಜಮಾಅತಿನ ದಫ್ತರದಲ್ಲಿ ಅಜ್ಜಂದಿರ ನಿಕಾಹ್ ಹುಡುಕಿ ತೆಗೆಯುವ ನಮಗೆ ಇದೇನೂ ಹೊಸ ವಿದ್ಯೆಯಲ್ಲ.

ತಾಳಗುಂದದ ಅದೇ ದೇವಸ್ಥಾನದ ಆವರಣದಲ್ಲಿ 2013ರ ಸುಮಾರಿಗೆ ನೆಲ ಅಗೆದಾಗ ಸಿಂಹಕಟಾಂಜನ ಶಾಸನ ಸಿಕ್ಕಿತು. ಅದು ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಎಂದು ಪುರಾತತ್ವ ತಜ್ಞರು ಅಂದಾಜಿಸಿದ ಮೇಲೆ ಕನ್ನಡದ ವಯಸ್ಸಿನ ಲೆಕ್ಕವೇ ಬದಲಾಯಿತು. ಕಲ್ಲು ಮಣ್ಣಿನಡಿಯಲ್ಲಿ ಕಾಯುತ್ತದೆ. ಕಾಗದ ಕಾಯುವುದಿಲ್ಲ, ಕರಾವಳಿಯ ಮಳೆಗಂತೂ ಕಾಯುವುದೇ ಇಲ್ಲ. ಈ ಮಳೆಗಾಲಕ್ಕೆ ಮುಂಚೆ ಮಕ್ಕಳ ಆ ಫೈಲ್ ಒಮ್ಮೆ ತೆಗೆದು ನೋಡಿ.